ಇ-ಎಸ್‌ಸಿಆರ್ ಮತ್ತು ಇಂಡಿಯಾ ಕೋಡ್: ಮಲೆನಾಡಿನ ಮಳೆಯಲ್ಲಿ ಕಾನೂನು ಓದುವವರಿಗೆ

ನಾನು ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೇನೆ. ಮನೆ ಹೊಸನಗರದ ಕಡೆ. ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳ ತಾಣವಾದ ಇ-ಎಸ್‌ಸಿಆರ್ ಅನ್ನು 2023ರ ಜನವರಿಯಲ್ಲಿ ಶುರು ಮಾಡಿದ ವರ್ಷದಿಂದಲೇ ಅದನ್ನು ಬಳಸುತ್ತಿದ್ದೇನೆ. ಕೇಂದ್ರ ಮತ್ತು ರಾಜ್ಯಗಳ ಕಾಯ್ದೆಗಳ ಪಠ್ಯ ಇರುವ ಸರ್ಕಾರಿ ತಾಣ ಇಂಡಿಯಾ ಕೋಡ್ ಅನ್ನು ಅದಕ್ಕೂ ಮುಂಚಿನಿಂದ. ಎರಡಕ್ಕೂ ದುಡ್ಡಿಲ್ಲ. ಓದಿಗೆ ಇವು ಸಾಕಾ ಎಂದು ಜೂನಿಯರ್‌ಗಳು ಕೇಳುತ್ತಾರೆ. ಮುಕ್ಕಾಲು ಪಾಲು ಸಾಕು. ಆದರೆ ಮಳೆ ಹಿಡಿಯುವ ಮೊದಲೇ ಬೇಕಾದ್ದನ್ನು ಇಳಿಸಿಟ್ಟುಕೊಂಡಿರಬೇಕು.

ಇ-ಎಸ್‌ಸಿಆರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಪಿಡಿಎಫ್. ಸುಪ್ರೀಂ ಕೋರ್ಟ್ ಅಧಿಕೃತವಾಗಿ ಪ್ರಕಟಿಸುವ ತೀರ್ಪು ವರದಿಯ (ಸುಪ್ರೀಂ ಕೋರ್ಟ್ ರಿಪೋರ್ಟ್ಸ್, ಅಂದರೆ ಎಸ್‌ಸಿಆರ್) ಪ್ರತಿಯೇ ಅಲ್ಲಿ ಸಿಗುತ್ತದೆ, 1950ರಿಂದ ಹಿಡಿದು. ಪುಟಸಂಖ್ಯೆ, ಹೆಡ್‌ನೋಟ್ (ತೀರ್ಪಿನ ಆರಂಭದ ಸಾರಾಂಶ) ಎಲ್ಲ ಇರುತ್ತದೆ. ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಜಡ್ಜ್ "ಯಾವ ಪುಟ?" ಎಂದು ಕೇಳಿದರೆ ತಡವರಿಸಬೇಕಾಗಿಲ್ಲ. 2024ರ ಜನವರಿಯಲ್ಲಿ ಡಿಜಿಟಲ್ ಎಸ್‌ಸಿಆರ್ ಬಂತು, ಆಮೇಲೆ ಹಳೆಯ ಸಂಪುಟಗಳನ್ನು ಹುಡುಕುವುದು ಇನ್ನೂ ಸುಲಭವಾಯಿತು. ನಾನು ಮೊದಲು ಇಂಡಿಯನ್ ಕಾನೂನ್ ತಾಣದಲ್ಲಿ ಹುಡುಕುತ್ತೇನೆ, ಅಲ್ಲಿ ಬೇಗ ಸಿಗುತ್ತದೆ. ಆದರೆ ಬರವಣಿಗೆಯಲ್ಲಿ ಉಲ್ಲೇಖಿಸುವಾಗ ಎಸ್‌ಸಿಆರ್ ಪ್ರತಿಯನ್ನೇ ತೆರೆದು ನೋಡುತ್ತೇನೆ.

ಕೆಲವು ತೀರ್ಪು ಕನ್ನಡದಲ್ಲೂ ಸಿಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ದೊಡ್ಡ ಆಸರೆ. ಕನ್ನಡದಲ್ಲಿ ಓದಿ ವಿಷಯ ಅರ್ಥ ಮಾಡಿಕೊಳ್ಳಿ, ವಾದಕ್ಕೆ ಮಾತ್ರ ಇಂಗ್ಲಿಷ್ ಮೂಲವನ್ನೇ ಹಿಡಿಯಿರಿ. ಅಧಿಕೃತ ಎಂದರೆ ಅದೇ.

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇಂಡಿಯಾ ಕೋಡ್ ಬೆಲೆ ಗೊತ್ತಾಗುವುದು ಭೂಮಿಯ ವಿಷಯ ಬಂದಾಗ. ಮಲೆನಾಡಿನಲ್ಲಿ ಯಾರ ಮನೆಗೆ ಹೋದರೂ ಒಂದು ಫೈಲ್ ಇದ್ದೇ ಇರುತ್ತದೆ, ಅಲ್ವಾ? ಗೇಣಿ, ಫಾರಂ 7 (ಗೇಣಿದಾರರು ಹಾಕುತ್ತಿದ್ದ ಅರ್ಜಿ), ಬಗರ್‌ಹುಕುಂ (ಮಂಜೂರಾತಿ ಇಲ್ಲದ ಸರ್ಕಾರಿ ಜಮೀನಿನ ಸಾಗುವಳಿ), ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. ಭೂಸುಧಾರಣಾ ಕಾಯ್ದೆ ಇಲ್ಲಿನವರಿಗೆ ಬರೀ ಒಂದು ಪೇಪರ್ ಅಲ್ಲ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿದ್ದು 44ನೇ ಸೆಕ್ಷನ್‌ನಿಂದ. ಗೇಣಿದಾರರು ಅರ್ಜಿ ಹಾಕಿದ್ದು 48ಎ ಅಡಿ. ಅಜ್ಜ ಹಾಕಿದ ಅರ್ಜಿಯ ಕಾಗದ ಕೈಯಲ್ಲಿ ಹಿಡಿದು ಆ ಸೆಕ್ಷನ್ ಓದಿ ನೋಡಿ, ಮತ್ತೆ ಮರೆಯುವುದಿಲ್ಲ.

ಇದೇ ಕಾಯ್ದೆಯಲ್ಲಿ ಒಂದು ಎಚ್ಚರವೂ ಇದೆ. ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ, 79ಬಿ ಸೆಕ್ಷನ್‌ಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಲೈಬ್ರರಿ ಕಪಾಟಿನ ಹಳೆಯ ಬೇರ್ ಆ್ಯಕ್ಟ್‌ನಲ್ಲಿ (ವ್ಯಾಖ್ಯಾನವಿಲ್ಲದೆ ಕಾಯ್ದೆಯ ಪಠ್ಯ ಮಾತ್ರ ಇರುವ ಪುಸ್ತಕ) ಅವು ಇನ್ನೂ ಜೀವಂತವಾಗಿಯೇ ಕಾಣುತ್ತವೆ. ಹಾಗಾಗಿ ಪುಸ್ತಕದ ಮುದ್ರಣದ ವರ್ಷ ನೋಡದೆ ನೋಟ್ಸ್ ಮಾಡಬೇಡಿ. ರಾಜ್ಯದ ಕಾಯ್ದೆಗಳ ಕನ್ನಡ ಪಠ್ಯ ಬೇಕಿದ್ದರೆ ರಾಜ್ಯ ಸರ್ಕಾರದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಇದೆ.

ಕ್ರಿಮಿನಲ್ ಕಾನೂನಿನಲ್ಲಿ ಗೊಂದಲ ಇನ್ನೂ ಜಾಸ್ತಿ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ಕೊಲೆಗೆ ಐಪಿಸಿ (ಭಾರತೀಯ ದಂಡ ಸಂಹಿತೆ) 302 ಇದ್ದದ್ದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103 ಆಗಿದೆ, ಅದು ಬೇಗ ರೂಢಿಯಾಗುತ್ತದೆ. ಕಷ್ಟ ಕೊಡುವುದು 482. ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 482 ಎಂದರೆ ಹೈಕೋರ್ಟ್‌ನ ಅಂತರ್ಗತ ಅಧಿಕಾರ. ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 482 ಎಂದರೆ ನಿರೀಕ್ಷಣಾ ಜಾಮೀನು. ಹುಡುಕುವಾಗ ಸುಮ್ನೆ ಸಂಖ್ಯೆ ಹಾಕಿದರೆ ಎರಡೂ ಬೆರೆತು ಬರುತ್ತವೆ. ಸೆಕ್ಷನ್ ಜೊತೆ ಕಾಯ್ದೆಯ ಹೆಸರನ್ನೂ ಹಾಕಿ. ಹಳೆಯ ಐಪಿಸಿ ಪುಸ್ತಕಗಳನ್ನು ಮಾತ್ರ ಎಸೆಯಬೇಡಿ. 2024ರ ಜುಲೈಗೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಇನ್ನು ಮಳೆಗಾಲ. ಮೊದಲ ಗಾಳಿ-ಮಳೆಗೇ ಮರ ಬಿದ್ದು ಕರೆಂಟ್ ಹೋಗುತ್ತದೆ. ಕರೆಂಟ್ ಹೋದರೆ ಟವರ್, ಟವರ್ ಹೋದರೆ ನೆಟ್. ಆಫ್‌ಲೈನ್ ಓದಬಹುದು ಎಂಬ ಮಾತು ನಂಬಿ ಒಮ್ಮೆ ದುಡ್ಡು ಕೊಟ್ಟು ಒಂದು ಆ್ಯಪ್ ತಗೊಂಡಿದ್ದೆ. ಲಾಗಿನ್ ಆಗಲು ನೆಟ್ ಬೇಕಿತ್ತು. ಜುಲೈ ತಿಂಗಳಲ್ಲಿ ಮನೆಯಲ್ಲಿ ಅದು ತೆರೆಯಲೇ ಇಲ್ಲ. ಈ ಎರಡು ತಾಣಗಳ ಪಿಡಿಎಫ್‌ಗೆ ಆ ಕಾಟ ಇಲ್ಲ.

ಅದಕ್ಕೇ ಮೃಗಶಿರಾ ಮಳೆಗೆ ಮೊದಲೇ, ಶಿವಮೊಗ್ಗದಲ್ಲಿ ಒಳ್ಳೆಯ ನೆಟ್ ಇರುವಾಗ, ಆ ಸೆಮಿಸ್ಟರ್‌ನ ಕಾಯ್ದೆಗಳನ್ನೂ ಸಿಲಬಸ್‌ನ ಕೇಸ್‌ಗಳನ್ನೂ ಫೋನ್‌ಗೆ ಇಳಿಸಿಕೊಳ್ಳಿ. ಫೈಲ್‌ಗೆ ಕೇಸಿನ ಹೆಸರು, ವರ್ಷ ಕೊಡಿ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪಿನಂಥ ದೊಡ್ಡ ಫೈಲ್ ಮೊದಲು. ಪಕ್ಕದ ಕಾಸರಗೋಡಿನ ಎಡನೀರು ಮಠದ ಜಮೀನಿನಿಂದ ಹೊರಟ ಆ ಕೇಸ್ 13 ನ್ಯಾಯಮೂರ್ತಿಗಳ ಮುಂದೆ ಹೋಗಿ, 1973ರ ಏಪ್ರಿಲ್ 24ರಂದು 7-6 ಬಹುಮತದಲ್ಲಿ ತೀರ್ಮಾನವಾಯಿತು. ಅದನ್ನು ಪೂರ್ತಿ ಓದಲು ಮಳೆಗಾಲದ ರಜೆಗಿಂತ ಒಳ್ಳೆಯ ಸಮಯ ನನಗಂತೂ ಸಿಕ್ಕಿಲ್ಲ.

ಲೈಬ್ರರಿ ಪುಸ್ತಕ ಊರಿಗೆ ಒಯ್ಯುವುದಾದರೆ ಬೂಸ್ಟು ಹಿಡಿಯದಂತೆ ನೋಡಿಕೊಳ್ಳಿ. ಒದ್ದೆ ಬ್ಯಾಗ್‌ನಿಂದ ತಕ್ಷಣ ತೆಗೆದು ಒಲೆಯಿರುವ ಬೆಚ್ಚಗಿನ ಕೋಣೆಯಲ್ಲಿ, ಗೋಡೆಗೆ ತಾಗದಂತೆ ಇಡಿ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ತೇವ ಒಳಗೇ ಉಳಿಯುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆ ಕೆಲಸಕ್ಕೆ ಹೋಗುವವರು ದಪ್ಪ ಪುಸ್ತಕ ಒಯ್ಯುವುದೇ ಬೇಡ, ಬೇರ್ ಆ್ಯಕ್ಟ್ ಸಾಕು.

ಇವು ಎಲ್ಲಿ ಸಾಲುವುದಿಲ್ಲ? ಇ-ಎಸ್‌ಸಿಆರ್‌ನಲ್ಲಿ ಹೈಕೋರ್ಟ್ ತೀರ್ಪು ಇಲ್ಲ. ಅದಕ್ಕೆ ಇ-ಕೋರ್ಟ್ಸ್‌ನ ತೀರ್ಪುಗಳ ತಾಣ ಇದೆ, ಅದೂ ಉಚಿತ. ವ್ಯಾಖ್ಯಾನ ಎರಡರಲ್ಲೂ ಇಲ್ಲ. ಒಂದು ಸೆಕ್ಷನ್ ಯಾಕೆ ಹೀಗಿದೆ, ಕೋರ್ಟ್‌ಗಳು ಅದನ್ನು ಹೇಗೆ ಓದುತ್ತಾ ಬಂದಿವೆ ಎಂದು ತಿಳಿಯಲು ಕಾಲೇಜು ಲೈಬ್ರರಿಯ ದಪ್ಪ ಕಾಮೆಂಟರಿಗಳೇ ಬೇಕು. ಬೇಸಿಗೆಯ ಮಧ್ಯಾಹ್ನಗಳನ್ನು ನಾನು ಅದಕ್ಕೇ ಇಟ್ಟುಕೊಳ್ಳುತ್ತೇನೆ.

ಕೊನೆಯ ವರ್ಷದವರು ಬೇರ್ ಆ್ಯಕ್ಟ್‌ಗಳ ಮುದ್ರಿತ ಪ್ರತಿಗಳನ್ನು ಈಗಲೇ ಕೂಡಿಸಿಕೊಳ್ಳಿ. ವಕೀಲರ ಅಖಿಲ ಭಾರತ ಪರೀಕ್ಷೆಗೆ ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಒಯ್ಯಬಹುದು, ಫೋನ್ ಒಯ್ಯುವಂತಿಲ್ಲ. ಆ ಪ್ರತಿಗಳ ಮೇಲೆ ಏನೂ ಬರೆಯದೆ ಬೇರೆಯಾಗಿ ಎತ್ತಿಡಿ.