ಟೊಮ್ಯಾಟೊಗೆ ಬ್ಯಾಸಿಲಸ್ ಸಬ್ಟಿಲಿಸ್: ಮೂರು ವರ್ಷ ಹೊಡೆದ ಮೇಲೆ

ಕೋಲಾರದ ಹತ್ರ ನಮ್ದು ಒಂದೂವರೆ ಎಕರೆ ಟೊಮ್ಯಾಟೊ, ಮೂರು ವರ್ಷದಿಂದ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ಇರೋ ಔಷಧಿ ಹೊಡೀತಾ ಇದೀನಿ. ಮೊದಲನೇ ವರ್ಷ ದುಡ್ಡು ದಂಡ ಆಯ್ತು ಅಂತಾನೇ ಅನ್ನಿಸ್ತು. ತಪ್ಪು ನಂದೇ. ಕೆಳಗಿನ ಎಲೆಗಳಲ್ಲಿ ಬಳೆಯೊಳಗೆ ಬಳೆ ಇಟ್ಟಂಗೆ ಕಂದು ಚುಕ್ಕೆ, ಅದೇ ಅರ್ಲಿ ಬ್ಲೈಟ್ ಅನ್ನೋ ಶಿಲೀಂಧ್ರ ರೋಗ, ಚೆನ್ನಾಗಿ ಹಬ್ಬಿದ್ಮೇಲೆ ಹೊಡೆದೆ, ಅದೂ ಒಂದೇ ಡ್ರಮ್ಮಲ್ಲಿ ಕಾಪರ್ ಔಷಧಿ ಜೊತೆ ಕಲಸಿ. ಕಾಪರ್ ಶಿಲೀಂಧ್ರನಷ್ಟೇ ಅಲ್ಲ, ಬ್ಯಾಕ್ಟೀರಿಯಾನೂ ಬಿಡಲ್ಲ.

ಆಮೇಲೆ ಓದಿ ತಿಳ್ಕೊಂಡಿದ್ದು, ಬೇರಿನ ಸುತ್ತ, ಎಲೆ ಮೇಲೆ ಬದುಕೋ ಈ ಬ್ಯಾಕ್ಟೀರಿಯಾ ತಯಾರಿಸೋ ಇಟುರಿನ್, ಫೆಂಜಿಸಿನ್ ಅನ್ನೋ ಪೆಪ್ಟೈಡ್‌ಗಳೇ (ಪ್ರೋಟೀನ್ ತುಣುಕಿನಂಥವು) ನಿಜವಾದ ಔಷಧಿ. ಅಮೈನೋ ಆಸಿಡ್‌ಗಳ ಒಂದು ಉಂಗುರ, ಅದಕ್ಕೆ ಅಂಟಿಕೊಂಡಿರೋ ಕೊಬ್ಬಿನ ಬಾಲ, ಆ ಬಾಲ ಶಿಲೀಂಧ್ರದ ಪೊರೆಗೆ ನುಗ್ಗಿ ತೂತು ಮಾಡುತ್ತೆ, ಒಳಗಿರೋದೆಲ್ಲ ಸೋರಿ ಹೋಗುತ್ತೆ. ಸರ್ಫ್ಯಾಕ್ಟಿನ್ ಅಂತ ಇನ್ನೊಂದಿದೆ, ಸೋಪಿನ ಥರದ್ದು, ಗಿಡದ ಸ್ವಂತ ರಕ್ಷಣೆನೂ ಎಚ್ಚರಿಸುತ್ತಂತೆ. ಆದ್ರೆ ಎಲೆ ಒಳಗೆ ಇಳಿದುಬಿಟ್ಟ ರೋಗಕ್ಕೆ ಇದು ಮದ್ದಲ್ಲ, ಬರೋಕ್ಮುಂಚೆನೇ ಹೊಡೀಬೇಕು.

ಈಗ ನಾಟಿ ದಿನ ಸಸಿ ಬೇರನ್ನ ದ್ರಾವಣದಲ್ಲಿ ಅದ್ದಿ ನೆಡ್ತೀವಿ, ಆಮೇಲೆ 10 ದಿನಕ್ಕೊಂದ್ಸಲ ಬಿಸಿಲು ಇಳಿದ ಮೇಲೆ, ಎಲೆ ಹಿಂಭಾಗಕ್ಕೂ ಬೀಳೋ ಹಾಗೆ. ಎರಡನೇ ವರ್ಷದಿಂದ ಕೆಳಗಿನ ಎಲೆ ಒಣಗೋದು ಕಣ್ಣಿಗೆ ಕಾಣೋ ಹಾಗೆ ಕಮ್ಮಿ. ನಂಗೆ ಜಾಸ್ತಿ ಖುಷಿ ಕೊಟ್ಟಿದ್ದು ಕಾಯಿ ಕೀಳೋ ಟೈಮಲ್ಲಿ. ದಿನ ಬಿಟ್ಟು ದಿನ ಬಾಕ್ಸ್ ತುಂಬ್ತಾ ಇರುವಾಗ ಕೆಮಿಕಲ್ ಹೊಡೆದು ವಿಷದ ಅಂಶ ಇಳೀಲಿ ಅಂತ ಕಾಯ್ತಾ ಕೂರೋಕಾಗಲ್ಲ, ಇದಕ್ಕೆ ಆ ತಲೆನೋವಿಲ್ಲ, ಮಗಳು ತೋಟಕ್ಕೆ ಬಂದು ಹಣ್ಣು ಕಿತ್ತು ತಿಂದ್ರೂ ಎದೆ ಝಲ್ ಅನ್ನಲ್ಲ.

ಪೌಡರ್ ತಗೋಬೇಡಿ, ಸೋಸಿದ್ರೂ ನಾಜಲ್ ಕಟ್ಕೊಳ್ಳುತ್ತೆ, ಲಿಕ್ವಿಡ್ಡೇ ವಾಸಿ. ಡೇಟ್ ನೋಡಿ ತಗೊಳ್ಳಿ, ಒಂದು ಅಂಗಡಿಯವ್ರು ಬಿಸಿಲಿಗೆ ಇಟ್ಟಿದ್ದ ಹಳೇ ಸ್ಟಾಕ್ ಕೊಟ್ಟು ಕಳಿಸಿದ್ರು, ಆ ಸಲ ಏನೂ ಕೆಲಸ ಮಾಡ್ಲಿಲ್ಲ. ಇನ್ನು ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದು ಲೇಟ್ ಬ್ಲೈಟ್ ಅನ್ನೋ ಅಂಗಮಾರಿ ರೋಗ ಬಂದ್ರೆ ಇದನ್ನೇ ನಂಬ್ಕೊಂಡು ಕೂರಬೇಡಿ, ಹೋದ ವರ್ಷ ನಾನು ನಾಲ್ಕು ದಿನ ಕಾದು ಎರಡು ಸಾಲು ಪೂರ್ತಿ ಕಳ್ಕೊಂಡೆ, ಕೊನೆಗೆ ಕೆಮಿಕಲ್ಲೇ ಹೊಡೆದಿದ್ದು.