ಶ್ರೀರಂಗಪಟ್ಟಣದ ಲೂಟಿಯಿಂದ ಶುರುವಾಗುವ ಪತ್ತೇದಾರಿ ಕಥೆ: 'ದಿ ಮೂನ್‌ಸ್ಟೋನ್'

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಸ್ಟಾರ್ ಕಥೆಯದ್ದಲ್ಲ, ನನಗೆ ಸಿಕ್ಕ ಪ್ರತಿಯದ್ದು. ಇಂಗ್ಲಿಷ್ ಲೇಖಕ ವಿಲ್ಕಿ ಕಾಲಿನ್ಸ್‌ನ ಈ ಕಾದಂಬರಿ ಬಂದಿದ್ದು 1868ರಲ್ಲಿ. ಕಾಪಿರೈಟ್ ಯಾವತ್ತೋ ಮುಗಿದಿರೋದರಿಂದ ಇ-ಪುಸ್ತಕ ಉಚಿತವಾಗಿ ಸಿಗುತ್ತದೆ, ನಾನು ಫೋನಿನಲ್ಲೇ ಓದಿದೆ. ಆದರೆ ಅದರಲ್ಲಿ ಒಂದೇ ಒಂದು ಟಿಪ್ಪಣಿ ಇರಲಿಲ್ಲ. ಈ ಕಥೆಯ ಬೆನ್ನಿಗೆ ಎರಡು ನಿಜ ಘಟನೆಗಳಿವೆ, ಒಂದು ನಮ್ಮೂರ ಕಡೆಯದ್ದು. ಅವು ಗೊತ್ತಿಲ್ಲದೆ ಓದಿದರೆ ಅರ್ಧ ರುಚಿ ತಪ್ಪಿಹೋಗುತ್ತದೆ.

ಮೊದಲ ಪುಟದಲ್ಲೇ ನಾವು ಶ್ರೀರಂಗಪಟ್ಟಣದಲ್ಲಿ ಇರುತ್ತೇವೆ. 1799ರ ಮೇ 4. ಕೋಟೆ ಒಡೆದಿದೆ, ಅರಮನೆಯಲ್ಲಿ ಸೈನಿಕರು ಕೈಗೆ ಸಿಕ್ಕಿದ್ದನ್ನು ದೋಚುತ್ತಿದ್ದಾರೆ. ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರಕ್ಕಾಗಿ ಕೊಲೆ ಮಾಡುತ್ತಾನೆ. ವಜ್ರ, ಹರ್ನ್‌ಕ್ಯಾಸಲ್ ಎರಡೂ ಕಲ್ಪನೆ. ಲೂಟಿ ಮಾತ್ರ ಕಲ್ಪನೆಯಲ್ಲ. ದಾಳಿಯ ಮುಂದಾಳು ಜನರಲ್ ಬೇರ್ಡ್ ನಿಜವಾದ ಮನುಷ್ಯ, ಹಿಂದೆ ಇದೇ ಊರಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನು. ಟಿಪ್ಪು ಸತ್ತ ಆ ರಾತ್ರಿ ಊರು ಸೂರೆಹೋಯಿತು, ಆಮೇಲೆ ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಪಾಲು ಹಾಕಿದರು. ಅದರ ಮೇಲಿದ್ದ ಹುಮಾ ಎಂಬ ಕಥೆಗಳ ಹಕ್ಕಿಯ ಬೊಂಬೆ ಈಗಲೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಹಾಗಾಗಿ ಮುಂದೆ ಕಾದಂಬರಿಯಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ದೊಡ್ಡಮನೆಯಲ್ಲಿ ಅದೇ ವಜ್ರ ಕಳುವಾಗಿ ಎಲ್ಲರೂ ಕಳ್ಳನನ್ನು ಹುಡುಕುವಾಗ, ನನಗಂತೂ ಕದ್ದ ಮಾಲನ್ನೇ ಕದ್ದರಲ್ಲ ಅನ್ನೋದು ತಲೆಯಿಂದ ಹೋಗಲೇ ಇಲ್ಲ. ಕಾಲಿನ್ಸ್ ಕೂಡ ಇದನ್ನು ಬೇಕೆಂದೇ ಮೊದಲು ಇಟ್ಟಿದ್ದಾನೆ ಅನಿಸುತ್ತದೆ. 1857 ಕಳೆದು ಹತ್ತೇ ವರ್ಷ ಆಗಿತ್ತು, ಅಲ್ವಾ? ಆ ಹೊತ್ತಿನಲ್ಲಿ ವಜ್ರದ ಹಿಂದೆ ಬಂದ ಮೂವರು ಬ್ರಾಹ್ಮಣರಿಗೆ ಅಷ್ಟು ಗೌರವ ಕೊಟ್ಟು ಬರೆಯೋದು ಸಣ್ಣ ಮಾತಲ್ಲ.

ಎರಡನೆಯ ನಿಜ ಘಟನೆ ಇಂಗ್ಲೆಂಡಿನ ರೋಡ್ ಹಿಲ್ ಮನೆಯ ಕೊಲೆ. 1860ರ ಜೂನ್ ಕೊನೆಯ ಒಂದು ರಾತ್ರಿ, ಇನ್ನೂ ನಾಲ್ಕು ತುಂಬದ ಸ್ಯಾವಿಲ್ ಕೆಂಟ್ ಎಂಬ ಮಗುವನ್ನು ಮಲಗಿದ್ದಲ್ಲಿಂದ ಎತ್ತಿಕೊಂಡು ಹೋಗಿ ಕೊಂದಿದ್ದರು. ಲೋಕಲ್ ಪೊಲೀಸರಿಗೆ ಏನೂ ಬಗೆಹರಿಯದಿದ್ದಾಗ ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಪತ್ತೇದಾರ ಜಾಕ್ ವಿಚರ್ ಬಂದ. ಅವನು ಹಿಡಿದಿದ್ದು ರಕ್ತ ಹತ್ತಿರಬಹುದಾದ ಒಂದು ನೈಟ್‌ಗೌನಿನ ಜಾಡು. ಮಗುವಿನ ಮಲ ಅಕ್ಕ ಕಾನ್‌ಸ್ಟೆನ್ಸ್, 16 ವರ್ಷದವಳು. ಅವಳ ಮೂರು ನೈಟ್‌ಗೌನುಗಳಲ್ಲಿ ಒಂದು ಕಾಣೆಯಾಗಿತ್ತು. ಒಗೆಯೋಕೆ ಹಾಕಿದ್ದೆ ಅಂತ ಮನೆಗೆಲಸದವಳು, ಬುಟ್ಟಿಯಲ್ಲಿ ಇರಲೇ ಇಲ್ಲ ಅಂತ ಅಗಸಗಿತ್ತಿ. ಒಂದು ಲೋಟ ನೀರು ತಾ ಅಂತ ಕೆಲಸದವಳನ್ನು ಆಚೆ ಕಳಿಸಿ ಹುಡುಗಿಯೇ ಬಟ್ಟೆ ತೆಗೆದುಕೊಂಡಳು ಅನ್ನೋದು ವಿಚರ್‌ನ ಲೆಕ್ಕ. ದೊಡ್ಡಮನೆ ಹುಡುಗಿಯ ಮೇಲೆ ಕೆಳವರ್ಗದ ಪೊಲೀಸಿನವನು ಬೆರಳು ತೋರಿಸಿದ್ದನ್ನು ಜನ ಸಹಿಸಲಿಲ್ಲ, ಅವನ ಹೆಸರೇ ಕೆಟ್ಟುಹೋಯಿತು. 1865ರಲ್ಲಿ ಕಾನ್‌ಸ್ಟೆನ್ಸ್ ತಾನೇ ಒಪ್ಪಿಕೊಂಡಳು.

ಕಾದಂಬರಿಯ ಪತ್ತೇದಾರ ಸಾರ್ಜೆಂಟ್ ಕಫ್‌ನಲ್ಲಿ ವಿಚರ್ ಎದ್ದು ಕಾಣುತ್ತಾನೆ. ವಜ್ರ ಕಳುವಾದ ಕೋಣೆಗೆ ಹೊಸದಾಗಿ ಬಣ್ಣ ಬಳಿದ ಬಾಗಿಲು, ಬೀಗದ ಕೆಳಗೆ ಒಂದು ಚಿಕ್ಕ ಕಲೆ. ಲೋಕಲ್ ಪೊಲೀಸ್ ಅದನ್ನು ಏನೂ ಅಲ್ಲ ಅಂತ ತಳ್ಳಿಹಾಕಿರುತ್ತಾನೆ. ಕಫ್ ಮಾತ್ರ ಅಲ್ಲೇ ನಿಂತುಬಿಡುತ್ತಾನೆ. ಈ ಬಣ್ಣ ಒಣಗೋಕೆ ಎಷ್ಟು ಹೊತ್ತು ಬೇಕು, ಕಲೆ ಯಾವಾಗ ಆಗಿರಬೇಕು, ಹಾಗಾದರೆ ಯಾರ ಬಟ್ಟೆಗೆ ಬಣ್ಣ ಹತ್ತಿರಬೇಕು. ಆಮೇಲೆ ಕೇಳೋದು ಅಗಸರ ಲೆಕ್ಕದ ಪುಸ್ತಕ! ರೋಡ್ ಹಿಲ್ ಗೊತ್ತಿದ್ದವರಿಗೆ ಇಲ್ಲಿ ಮೈ ಜುಂ ಅನ್ನುತ್ತದೆ. ರಕ್ತದ ಬದಲು ಬಣ್ಣ, ಉಳಿದದ್ದೆಲ್ಲ ಹಾಗೇ ಇದೆ. ಇವನೂ ಮನೆಮಗಳನ್ನೇ ಅನುಮಾನಿಸುತ್ತಾನೆ. ಮುಂದಿನದ್ದು ಹೇಳಲ್ಲ, ಓದಿ.

ಭಾಷೆ ಹಳೆಯದು, ನಿಧಾನ. ಕಥೆಯನ್ನು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾ ಹೋಗುತ್ತಾರೆ. ಅವರಲ್ಲಿ ಆ ಮನೆಯ ಮುದುಕ ಕೆಲಸಗಾರ ಬೆಟರೆಜ್‌ನ ಹರಟೆ ನನಗೆ ತುಂಬಾ ಹಿಡಿಸಿತು, ಮಿಸ್ ಕ್ಲಾಕ್ ಹೇಳುವ ಭಾಗ ಸ್ವಲ್ಪ ಎಳೆದ ಹಾಗಾಯಿತು. ಟಿಪ್ಪುವಿನ ಬಗ್ಗೆ ಹೆಚ್ಚೇನೂ ಸಿಗಲ್ಲ, ಅದಕ್ಕಾಗಿ ಓದಬೇಡಿ. ಮುನ್ನುಡಿ ಥರ ಇದೆ ಅಂತ ಶ್ರೀರಂಗಪಟ್ಟಣದ ಭಾಗವನ್ನು ಮಾತ್ರ ಹಾರಿಸಬೇಡಿ. ದುಡ್ಡು ಕೊಟ್ಟು ತೆಗೆದುಕೊಳ್ಳೋದಾದರೆ, ಹಿಂದೆ ಟಿಪ್ಪಣಿಗಳಿರುವ ಮುದ್ರಿತ ಪ್ರತಿಯನ್ನೇ ಕೇಳಿ ತೆಗೆದುಕೊಳ್ಳಿ.