ವೈಸಿಎಸ್‌ಬಿ: ವರ್ಷಗಟ್ಟಲೆ ಬಳಸಿದ ಮೇಲೆ ಆ ಒಂದು ಡೀಫಾಲ್ಟ್ ಬಗ್ಗೆ ಹೇಳಲೇಬೇಕು

ಕ್ಲೌಡ್‌ನಲ್ಲಿ ಡೇಟಾಬೇಸ್ ಓಡಿಸೋರಿಗೆ ವೈಸಿಎಸ್‌ಬಿ ಪರಿಚಯ ಬೇಕಿಲ್ಲ. ಉಳಿದವರಿಗೆ: ಡೇಟಾಬೇಸ್ ಮೇಲೆ ಕೃತಕ ಲೋಡ್ ಹಾಕಿ ಅದರ ವೇಗ ಅಳೆಯೋ ಟೂಲ್ ಇದು (ಯಾಹೂ ಕ್ಲೌಡ್ ಸರ್ವಿಂಗ್ ಬೆಂಚ್‌ಮಾರ್ಕ್), 2010ರಲ್ಲಿ ಯಾಹೂದವರು ಬಿಟ್ಟಿದ್ದು, ಫ್ರೀ. ನಾನು ಇದನ್ನ ಕಸಾಂಡ್ರ ಅನ್ನೋ ಡೇಟಾಬೇಸ್‌ನ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡೋ ಸರ್ವರ್‌ಗಳ ಗುಂಪು) ಮೇಲೆ ಓಡಿಸ್ತಾ ಬಂದಿರೋದು ಮುಖ್ಯವಾಗಿ ಒಂದೇ ಪ್ರಶ್ನೆಗೆ: ಟ್ರಾಫಿಕ್ ಬರ್ತಿರುವಾಗಲೇ ಒಂದು ನೋಡ್, ಅಂದ್ರೆ ಇನ್ನೊಂದು ಸರ್ವರ್, ಸೇರಿಸಿದ್ರೆ ಏನಾಗುತ್ತೆ?

ಈ ಪ್ರಶ್ನೆನ ಅವರು ಶುರುವಲ್ಲೇ ಬೇರೆ ಮಾಡಿ ಇಟ್ಟಿದ್ದಾರೆ, ನನಗೆ ಪ್ರೀತಿ ಹುಟ್ಟಿದ್ದೇ ಅಲ್ಲಿ. ಸ್ಕೇಲಪ್ ಅಂದ್ರೆ ಒಂದು ಅಳತೆಯ ಕ್ಲಸ್ಟರ್‌ನಲ್ಲಿ ಓಡಿಸಿ, ಡೇಟಾ ಅಳಿಸಿ, ಸರ್ವರೂ ಡೇಟಾನೂ ಜಾಸ್ತಿ ಮಾಡಿ ಮತ್ತೆ ಓಡಿಸೋದು. ಇಲಾಸ್ಟಿಕ್ ಸ್ಪೀಡಪ್ ಅಂದ್ರೆ ಏನೂ ನಿಲ್ಲಿಸದೆ, ಓಡ್ತಿರೋದಕ್ಕೇ ಸರ್ವರ್ ಸೇರಿಸೋದು. ಮೊದಲನೇದ್ರಲ್ಲಿ ಚೆನ್ನಾಗಿ ಪಾಸಾದ ಸೆಟಪ್ ಎರಡನೇದ್ರಲ್ಲಿ ಒದ್ದಾಡೋದನ್ನ ನಾನು ನೋಡಿದೀನಿ, ಯಾಕಂದ್ರೆ ಹೊಸ ನೋಡ್ ಬಂದಾಗ ಹಳೇ ನೋಡ್‌ಗಳು ಬಂದ ರಿಕ್ವೆಸ್ಟೂ ನೋಡ್ಕೋಬೇಕು, ಅದರ ಮಧ್ಯೆ ಡೇಟಾನೂ ಸ್ಟ್ರೀಮ್ ಮಾಡಿ ಕಳಿಸ್ಬೇಕು, ಹಾಗಾಗಿ ಲೇಟೆನ್ಸಿ (ಉತ್ತರ ಬರೋಕೆ ಹಿಡಿಯೋ ಸಮಯ) ಇಳಿಯೋಕೆ ಮುಂಚೆ ಏರುತ್ತೆ.

ನನ್ನ ಪದ್ಧತಿ ಇಷ್ಟು. ರೆಕಾರ್ಡ್ ಕೌಂಟ್ (ಎಷ್ಟು ದಾಖಲೆ ತುಂಬಬೇಕು ಅನ್ನೋದು) ಡೀಫಾಲ್ಟ್ 1000 ಇರುತ್ತೆ, ಅದರಲ್ಲಿ ಏನೂ ಗೊತ್ತಾಗಲ್ಲ, ಮೆಮೊರಿಗೆ ಹಿಡಿಸದಷ್ಟು ಏರಿಸಿ ಲೋಡ್‌ಗೆ ಹಾಕಿ ಟೀ ಕುಡಿದು ಬರ್ತೀನಿ. ಆಮೇಲೆ ವರ್ಕ್‌ಲೋಡ್ ಎ, ಅರ್ಧ ರೀಡ್ ಅರ್ಧ ಅಪ್‌ಡೇಟ್, ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ ಟಾರ್ಗೆಟ್ (ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಕಳಿಸ್ಬೇಕು ಅನ್ನೋದು), ಜೊತೆಗೆ ಸ್ಟೇಟಸ್ ತೋರಿಸೋ ಮೈನಸ್ ಎಸ್ ಆಯ್ಕೆ. 10 ಸೆಕೆಂಡಿಗೊಂದು ಸ್ಟೇಟಸ್ ಲೈನ್ ಬೀಳುತ್ತಲ್ಲ, ಅದು ಸಮವಾಗಿ ಬೀಳ್ತಿರೋದನ್ನ ನೋಡೋದೇ ಒಂದು ಖುಷಿ. ಸಮ ಆಯ್ತು ಅಂದ್ಮೇಲೆ ನೋಡ್ ಸೇರಿಸೋದು, ಟೈಮ್ ಬರ್ಕೊಳ್ಳೋದು, ಲೈನುಗಳು ಕೆಡೋದನ್ನೂ ಮತ್ತೆ ನೆಟ್ಟಗಾಗೋದನ್ನೂ ಕಾಯೋದು. ಆ ಎರಡರ ನಡುವಿನ ಸಮಯವೇ ನನಗೆ ಬೇಕಾದ ಉತ್ತರ, ಕೊನೇಲಿ ಬರೋ ಸರಾಸರಿ ಅಲ್ಲ.

ಈಗ ಸಿಟ್ಟಿನ ವಿಷಯ. ಡೀಫಾಲ್ಟ್ ಸೆಟಿಂಗ್‌ನಲ್ಲಿ ಲೇಟೆನ್ಸಿ ಎಣಿಕೆ ಶುರುವಾಗೋದು ರಿಕ್ವೆಸ್ಟ್ ನಿಜವಾಗಿ ಹೊರಟಾಗ. ಒಂದು ಥ್ರೆಡ್‌ಗೆ (ರಿಕ್ವೆಸ್ಟ್‌ಗಳನ್ನ ಒಂದಾದ ಮೇಲೊಂದು ಕಳಿಸೋ ಟೂಲಿನ ಭಾಗ) ಸೆಕೆಂಡಿಗೆ 100 ರಿಕ್ವೆಸ್ಟ್ ಕಳಿಸೋ ಟಾರ್ಗೆಟ್ ಇದೆ, ಡೇಟಾಬೇಸ್ 1 ಸೆಕೆಂಡ್ ಸ್ತಬ್ಧ ಆಯ್ತು ಅಂದ್ಕೊಳ್ಳಿ. ಆ 100ರಲ್ಲಿ ಒಂದೇ ಒಂದು ಕೆಟ್ಟ ಸ್ಯಾಂಪಲ್ ದಾಖಲಾಗುತ್ತೆ, ಉಳಿದವು ತಡವಾಗಿ ಹೊರಟು ಬೇಗ ಮುಗಿದವು ಅಂತ ಒಳ್ಳೇ ನಂಬರ್ ತಗೊಳ್ತವೆ. ದರ್ಶಿನಿ ಕೌಂಟರ್‌ನಲ್ಲಿ ಕ್ಯೂ ಪೂರ್ತಿ ಕಾದಿದ್ರೂ ಎದುರಿಗೆ ನಿಂತಿದ್ದವರೊಬ್ಬರ ಸಮಯ ಮಾತ್ರ ಬರ್ಕೊಂಡ ಹಾಗೆ. ಪರ್ಫಾರ್ಮೆನ್ಸ್ ಇಂಜಿನಿಯರ್ ಗಿಲ್ ಟೆನೆ ಇದಕ್ಕೆ ಕೋಆರ್ಡಿನೇಟೆಡ್ ಒಮಿಶನ್ ಅಂತ ಹೆಸರಿಟ್ಟಿದ್ದಾರೆ. ಇಲಾಸ್ಟಿಸಿಟಿ ಅಳೆಯೋರಿಗೆ ಬೇಕಿರೋದೇ ಆ ಸ್ತಬ್ಧ ಆದ ಗಳಿಗೆ, ಟೂಲ್ ಅದನ್ನೇ ನುಂಗುತ್ತೆ.

ಪರಿಹಾರ ಒಳಗೇ ಇದೆ, ಅದಕ್ಕೇ ಸಿಟ್ಟು ಪೂರ್ತಿ ನಿಲ್ಲಲ್ಲ. ಮೆಷರ್‌ಮೆಂಟ್.ಇಂಟರ್ವಲ್ ಅನ್ನೋ ಸೆಟಿಂಗನ್ನ ಬೋತ್ ಮಾಡಿದ್ರೆ ರಿಕ್ವೆಸ್ಟ್ ಹೊರಡಬೇಕಿದ್ದ ಸಮಯದಿಂದ ಲೆಕ್ಕ ಹಾಕಿದ ಇಂಟೆಂಡೆಡ್ ಸಾಲುಗಳೂ ಬರ್ತವೆ, ಟಾರ್ಗೆಟ್ ಮಾತ್ರ ಕೊಟ್ಟಿರಲೇಬೇಕು. ನೋಡ್ ಸೇರಿಸಿದಾಗ ಎರಡೂ ಸಾಲಿನ ಪಿ99 (100ರಲ್ಲಿ 99 ರಿಕ್ವೆಸ್ಟ್ ಅದರೊಳಗೆ ಮುಗಿಯೋ ಸಮಯ) ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತೆ. ಇದು ಡೀಫಾಲ್ಟ್ ಆಗಬೇಕಿತ್ತು, ಎಷ್ಟೋ ಜನ ಹಳೇ ಸಾಲು ನೋಡ್ಕೊಂಡೇ ಆಟೋಸ್ಕೇಲಿಂಗ್ ಥ್ರೆಶೋಲ್ಡ್ (ಯಾವಾಗ ತಾನಾಗೇ ಸರ್ವರ್ ಸೇರಬೇಕು ಅನ್ನೋ ಮಿತಿ) ಇಡ್ತಾರೆ.

ನಮ್ಮದು ಚಿಕ್ಕ ಟೀಮ್, ಟೆಸ್ಟ್ ಕ್ಲಸ್ಟರ್ ಗಂಟೆ ಲೆಕ್ಕದಲ್ಲಿ ದುಡ್ಡು ತಿನ್ನುತ್ತೆ, ಹಾಗಾಗಿ ಟೂಲಿಗೆ ಕಾಸು ಕೊಡಬೇಕಿಲ್ಲ ಅನ್ನೋದು ನನಗೆ ದೊಡ್ಡದು. ಆದ್ರೆ ಒಂದು ರನ್‌ಗೆ ಒಂದೇ ಟಾರ್ಗೆಟ್ ಇರೋದ್ರಿಂದ ಏರಿಳಿಯೋ ಟ್ರಾಫಿಕ್ ಬೇಕಂದ್ರೆ ಶೆಲ್ ಸ್ಕ್ರಿಪ್ಟ್‌ನಲ್ಲಿ ರನ್‌ಗಳನ್ನ ಜೋಡಿಸ್ಬೇಕು. ನೋಡ್ ತೆಗೆಯುವಾಗಲೂ ನಾನು ಹಾಗೇ ಅಳೆಯೋದು. ಬಿಲ್ ಇಳಿಯೋದು ಅಲ್ಲೇ ಅಲ್ವಾ, ಸೇರಿಸೋದಷ್ಟನ್ನೇ ಅಳೆದು ರಿಪೋರ್ಟ್ ಬರೆಯೋರು ಡಿಕಮಿಷನ್, ಅಂದ್ರೆ ನೋಡ್ ತೆಗೆಯೋ ಕೆಲಸ, ನಡೀತಿರುವಾಗ ಒಂದ್ಸಲ ಇಂಟೆಂಡೆಡ್ ಸಾಲು ನೋಡ್ಲಿ.